ಬಾಲ್ಕನಿಯಲ್ಲಿ ಮರಕೆಸು ಬೆಳೆದಿದ್ದು

ನಮ್ಮ ಕೊಪ್ಪ ಕಡೆ ಮಳೆಗಾಲ ಬಂತು ಅಂದ್ರೆ ಮರಕೆಸುವಿನ ಪತ್ರೊಡೆ (ಎಲೆಗೆ ಅಕ್ಕಿ-ಮಸಾಲೆ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸೋ ತಿಂಡಿ) ಒಂದ್ಸಲ ಆದ್ರೂ ಆಗ್ಲೇಬೇಕು. ನೆಲದ ಕೆಸು ಹಳ್ಳದ ಬದಿ ಬೇಕಾದಷ್ಟು ಸಿಗುತ್ತೆ, ಮರಕೆಸು ಹಂಗಲ್ಲ, ಪಾಚಿ ಹಿಡಿದ ಹಳೇ ಮರದ ಕವಲಲ್ಲಿ ಮಳೆಗಾಲದಲ್ಲಿ ಮುಖ ತೋರಿಸಿ ಹೋಗೋ ಗಿರಾಕಿ. 2018ರ ಮಳೆಗೆ ತೋಟದ ದೊಡ್ಡ ಮಾವಿನಮರ ಬಿದ್ದಾಗ ಅಮ್ಮಂಗೆ ಮರಕ್ಕಿಂತ ಅದರ ಮೇಲಿದ್ದ ಕೆಸು ಹೋಯ್ತಲ್ಲ ಅಂತಾನೇ ಜಾಸ್ತಿ ಬೇಜಾರು. ನಾನು ಬಿದ್ದ ಕೊಂಬೆಯಿಂದ ಹತ್ತು ಗೆಡ್ಡೆ ಬಿಡಿಸ್ಕೊಂಡು ಬೆಂಗಳೂರಿಗೆ ತಂದೆ.

ತಂದು ಮಾಡಿದ್ದೇ ತಪ್ಪು. ಕೆಂಪು ಮಣ್ಣು, ಚೆನ್ನಾಗಿ ಸಗಣಿ ಗೊಬ್ಬರ, ದಿನಾ ನೀರು. ಎರಡು ವಾರಕ್ಕೆ ಎಲೆ ಹಳದಿ ಆಯ್ತು, ಕೆದಕಿ ನೋಡಿದ್ರೆ ಗೆಡ್ಡೆ ಬೆರಳಿಗೆ ಪಿಚಕ್ ಅಂತ ಒಡೀತು, ಗಬ್ಬು ವಾಸನೆ. ಆರು ಹಂಗೇ ಹೋದ್ವು. ಆಮೇಲೆ ತಲೆಗೆ ಹೋಯ್ತು, ಮರದ ಮೇಲೆ ಮಣ್ಣೆಲ್ಲಿರುತ್ತೆ? ಕೊಳೆತ ಎಲೆ, ತೊಗಟೆ ಚೂರು, ಪಾಚಿ, ಅಷ್ಟೇ. ಉಳಿದ ನಾಲ್ಕನ್ನ ತೆಂಗಿನ ಸಿಪ್ಪೆ ಚೂರು ಎರಡು ಪಾಲು, ಎಲೆ ಗೊಬ್ಬರ ಒಂದು ಪಾಲು, ಒಂದು ಹಿಡಿ ಇದ್ದಿಲ ಪುಡಿ ಸೇರಿಸಿ ತಳ ತೂತಿನ ಬುಟ್ಟಿಗೆ ಹಾಕಿ ನೇತುಹಾಕಿದೆ. ಪೂರ್ವದ ಬಾಲ್ಕನಿ, ಬೆಳಗ್ಗೆ ಎಂಟೂವರೆ ತನಕ ಎಳೆ ಬಿಸಿಲು, ಆಮೇಲೆ ಹಸಿರು ನೆಟ್ಟಿನ ನೆರಳು. ಒಂದಿನ ನೆಟ್ ಜಾರಿ ಮಧ್ಯಾಹ್ನದ ಬಿಸಿಲು ಬಿದ್ದಿದ್ದಕ್ಕೆ ಒಂದು ಎಲೆ ಹಪ್ಪಳದ ಥರ ಸುಟ್ಟುಹೋಯ್ತು.

ಎರಡನೇ ತಪ್ಪು ನವೆಂಬರಲ್ಲಿ. ಎಲೆ ಉದುರಿತು ಅಂತ ಗಾಬರಿಯಾಗಿ ಇನ್ನೂ ಜಾಸ್ತಿ ನೀರು ಹಾಕಿದೆ, ಎರಡು ಗೆಡ್ಡೆ ಸತ್ತವು. ಫೋನ್ ಮಾಡಿದ್ರೆ ಅಮ್ಮ "ಕಾಡಲ್ಲಿ ಅದಕ್ಕೆ ಯಾರೋ ಬೇಸಿಗೇಲಿ ನೀರು ಹೊಯ್ತಾರೆ? ಮಲಗಿದೆ, ಮಲಗ್ಲಿ ಬಿಡು ಮಾರಾಯ" ಅಂದ್ರು. ಅವತ್ತಿಂದ ಏಪ್ರಿಲ್ ತನಕ ಒಂದು ಹನಿ ಇಲ್ಲ, ಬುಟ್ಟಿ ಹಂಗೇ ಯುಟಿಲಿಟಿ ಮೂಲೇಲಿ. ಮೇನಲ್ಲಿ ಮಳೆ ಶುರುವಾದ್ಮೇಲೆ ಹೊರಗಿಟ್ಟೆ, ಮೂರನೇ ವಾರಕ್ಕೆ ಸುರುಳಿ ಸುತ್ತಿದ ಎಲೆ ಬಂತು.

ಇದರಲ್ಲಿ ನಂಗೆ ಮಜಾ ಅನ್ಸೋದು ಮರಿ ಹಾಕೋ ರೀತಿ. ಗೆಡ್ಡೆಯಿಂದ ಎಲೆನೇ ಇಲ್ಲದ ಬೋಳು ಕಡ್ಡಿ ನೆಟ್ಟಗೆ ಏಳುತ್ತೆ, ಅದರ ಗಂಟುಗಂಟಲ್ಲಿ ಪುಟಾಣಿ ಗೆಡ್ಡೆಗಳ ಗೊಂಚಲು, ಒಂದೊಂದರ ಮೈಮೇಲೂ ಬಗ್ಗಿದ ಕೊಕ್ಕೆ. ಒಣಗಾಕಿದ್ದ ಟವಲ್ಲು ಅದಕ್ಕೆ ತಾಗಿ ಉತ್ತರಾಣಿ ಅಂಟಿದಂಗೆ ಅಂಟಿಕೊಂಡಿದ್ವು, ಬಿಡಿಸೋಕೆ ಅರ್ಧ ಗಂಟೆ. ಹಕ್ಕಿ, ಪ್ರಾಣಿಗಳ ಮೈಗೆ ಹಿಂಗೇ ಅಂಟಿ ಮರದಿಂದ ಮರಕ್ಕೆ ಹೋಗೋದು. ಮರಕೆಸುವಿನ ರೆಮುಸಾಟಿಯಾ ವಿವಿಪಾರ ಅನ್ನೋ ವೈಜ್ಞಾನಿಕ ಹೆಸರಲ್ಲಿ ವಿವಿಪಾರ ಅಂದ್ರೆ ಮರಿ ಹಾಕೋದು ಅಂತಾನೇ ಅರ್ಥ. ಆಫ್ರಿಕಾದಿಂದ ಆಸ್ಟ್ರೇಲಿಯಾ ತನಕ ಇದೆ ಈ ಗಿಡ, ನಾವು ನಮ್ಮೂರಿಂದು ಅಂದ್ಕೊಂಡಿದ್ವಿ! ಹೂ ಬಿಡೋದು ತೀರಾ ಅಪರೂಪ, ನನ್ನ ಬುಟ್ಟೀಲಿ ಇನ್ನೂ ಒಂದೂ ಬಿಟ್ಟಿಲ್ಲ.

ಮೂವತ್ತು ಮರಿ ಒದ್ದೆ ಪಾಚಿ ಮೇಲೆ ಉದುರಿಸಿದೆ, ಮಣ್ಣು ಮುಚ್ಚಲಿಲ್ಲ, ಹನ್ನೊಂದು ಹುಟ್ಟಿದ್ವು. ಮೊದಲ ವರ್ಷ ಎಲೆ ರೂಪಾಯಿ ನಾಣ್ಯದಷ್ಟೇ, ಮೂರನೇ ವರ್ಷಕ್ಕೆ ಅಂಗೈ ಅಗಲ. ಒಂದು ಗಿಡಕ್ಕೆ ಒಂದೆರಡೇ ಎಲೆ ಇರೋದು, ಹಂಗಾಗಿ ಪೂರ್ತಿ ಬೋಳಿಸಬಾರದು, ಗೆಡ್ಡೆ ಸೊರಗುತ್ತೆ. ಹೋದ ವರ್ಷ ಏಳು ಎಲೆ ಕೊಯ್ದು ಪತ್ರೊಡೆ ಮಾಡಿದೆ, ಬರೀ ಎರಡು ಸುರುಳಿ ಆಯ್ತು. ಹುಣಸೆಹುಳಿ ಸ್ವಲ್ಪ ಕಮ್ಮಿಯಾಗಿ ಗಂಟಲು ಕೆರೀತು, ಆದ್ರೂ ಬಿಡದೆ ತಿಂದ್ವಿ.

ಈ ಜೂನಲ್ಲಿ ಊರಿಗೆ ಹೋದಾಗ ಇಪ್ಪತ್ತು ಮರಿ ಪೇಪರಲ್ಲಿ ಸುತ್ತಿ ತಗೊಂಡು ಹೋಗಿ ಹಿತ್ತಲ ಹಲಸಿನಮರದ ಕವಲಿಗೆ ಪಾಚಿ ಸಮೇತ ತೆಂಗಿನ ನಾರಲ್ಲಿ ಕಟ್ಟಿ ಬಂದಿದೀನಿ. ಅಮ್ಮ ದಿನಾ ಕೊಡೆ ಹಿಡ್ಕೊಂಡು ಕೆಳಗೆ ನಿಂತು ಕತ್ತೆತ್ತಿ ನೋಡ್ತಾರಂತೆ, ಇನ್ನೂ ಏನೂ ಕಾಣ್ತಿಲ್ಲವಂತೆ.