ಒಂದು ಟ್ಯಾಂಕ್, ಎರಡು ಫೈಟರ್: ಫಿಲ್ಟರ್, ಹೀಟರ್ ಹೀಗೆ ಕೂರಿಸಿ

ಹುಬ್ಬಳ್ಳಿ, ಧಾರವಾಡದ ಯಾವ ಮೀನಿನ ಅಂಗಡಿಗೆ ಹೋದರೂ ಸಾಲಾಗಿ ಇಟ್ಟ ಸಣ್ಣ ಬಾಟಲಿಗಳು ಕಾಣುತ್ತವೆ. ಒಂದೊಂದರಲ್ಲೂ ಒಂದೊಂದು ಫೈಟರ್ ಮೀನು. ಒಂದು ನೀಲಿ, ಪಕ್ಕದ್ದು ಕೆಂಪು. ಒಂದನ್ನೇ ತರಲು ಮನಸ್ಸು ಒಪ್ಪುವುದಿಲ್ಲ. ಆದರೆ ಎರಡು ಗಂಡು ಫೈಟರ್‌ಗಳನ್ನು ಒಂದೇ ಕಡೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಅದಕ್ಕೇ ಎರಡಡಿ ಟ್ಯಾಂಕಿಗೆ ನಡುವೆ ಒಂದು ಅಡ್ಡಗೋಡೆ ಹಾಕಿ ಎರಡು ಮನೆ ಮಾಡುವುದು.

ತೊಂದರೆ ಶುರುವಾಗುವುದು ಇಲ್ಲೇ. ಮೀನನ್ನು ತಡೆಯಲು ಹಾಕಿದ ಗೋಡೆ ನೀರನ್ನೂ ತಡೆಯುತ್ತದೆ. ಎಡಗಡೆ ಹೀಟರ್ ಇದ್ದರೆ ಅಲ್ಲಿ 27 ಡಿಗ್ರಿ, ಬಲಗಡೆ 23. ಫಿಲ್ಟರ್ ಇರುವ ಕಡೆ ನೀರು ತಿಳಿ, ಇನ್ನೊಂದು ಕಡೆ ಹೊಲಸು ತಳಕ್ಕೆ ಕೂತಿರುತ್ತದೆ. ಹೀಟರ್ ತನ್ನ ಸುತ್ತಲಿನ ನೀರು ಬಿಸಿಯಾದ ತಕ್ಷಣ ಆಫ್ ಆಗುತ್ತದೆ. ಆಚೆ ಮನೆಯ ಮೀನು ನಡುಗುತ್ತಿರುವುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಗೋಡೆ ಕಟ್ಟಿದ ಟ್ಯಾಂಕಿನಲ್ಲಿ ನಾವು ಮೊದಲು ನೋಡಬೇಕಾದದ್ದು ಒಂದೇ: ನೀರು ಆಚೀಚೆ ಓಡಾಡುತ್ತದೋ ಇಲ್ಲವೋ.

ನಮ್ಮ ಊರಿಗೆ ಹೀಟರ್ ಬೇಕಾ?

ಬೇಕು. ಫೈಟರ್ ಥಾಯ್ಲೆಂಡ್ ಕಡೆಯ ಮೀನು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಅಲ್ಲಿನ ಭತ್ತದ ಗದ್ದೆ, ಜೌಗು, ಕಾಲುವೆಗಳ ಬೆಚ್ಚಗಿನ ನೀರು ಅದರ ತವರು. ಅದಕ್ಕೆ 25ರಿಂದ 28 ಡಿಗ್ರಿ ಹಿತ. ಧಾರವಾಡದ ಡಿಸೆಂಬರ್ ರಾತ್ರಿಗಳಲ್ಲಿ ಹೊರಗಿನ ಗಾಳಿ 14-15 ಡಿಗ್ರಿಗೆ ಇಳಿಯುತ್ತದೆ. ಚಳಿಗಾಲ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಮಳೆಗಾಲವನ್ನು. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಹೆಂಚಿನ ಮನೆಯ ಒಳಗಿನ ಟ್ಯಾಂಕ್ ಕೂಡ ತಣ್ಣಗೇ ಇರುತ್ತದೆ. ಆಗ ಮೀನು ತಳದಲ್ಲಿ ಮಂಕಾಗಿ ಕೂರುತ್ತದೆ, ಊಟ ಬಿಡುತ್ತದೆ, ರೆಕ್ಕೆ ಮಡಚಿಕೊಳ್ಳುತ್ತದೆ. ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಬರುವುದೂ ಇಂಥ ಹೊತ್ತಿನಲ್ಲೇ ಜಾಸ್ತಿ.

"ಅಂಗಡಿಯಲ್ಲಿ ಬಾಟಲಿಯಲ್ಲೇ ಬದುಕಿರುತ್ತದಲ್ಲ?" ಎಂದು ಕೇಳುವವರು ಬಹಳ. ಫೈಟರ್‌ಗೆ ಕಿವಿರಿನ ಜೊತೆಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಒಂದು ಅಂಗವೂ ಇದೆ. ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ಹಾಗಾಗಿ ಆಮ್ಲಜನಕ ಕಡಿಮೆ ಇರುವ ನೀರಲ್ಲೂ ಅದು ಬದುಕಿರುತ್ತದೆ. ಆದರೆ ತನ್ನದೇ ಹೊಲಸಿನಿಂದ ಏಳುವ ಅಮೋನಿಯಾ ಅದರ ಕಿವಿರನ್ನೂ ಸುಡುತ್ತದೆ. ಬಾಟಲಿ ನಾಲ್ಕು ದಿನದ ವ್ಯವಸ್ಥೆ, ಅಷ್ಟೇ.

ಎರಡಲ್ಲ, ಮೂರು ಭಾಗ ಮಾಡಿ

ಸಾಮಾನ್ಯವಾಗಿ ಎಲ್ಲರೂ ನಡುವೆ ಒಂದೇ ಗೋಡೆ ಹಾಕುತ್ತಾರೆ. ನನ್ನ ಸಲಹೆ ಎರಡು ಗೋಡೆ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಟ್ಯಾಂಕ್ ತೆಗೆದುಕೊಳ್ಳಿ. ಎರಡೂ ಬದಿಗೆ 25 ಸೆಂಟಿಮೀಟರ್ ಬಿಟ್ಟು ನಡುವೆ 10 ಸೆಂಟಿಮೀಟರ್‌ನ ಒಂದು ಓಣಿ ಮಾಡಿ. 24 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದರೆ ಒಂದೊಂದು ಮೀನಿಗೆ 18 ಲೀಟರ್ ಸಿಗುತ್ತದೆ, ಓಣಿಗೆ 7 ಲೀಟರ್. ಹೀಟರ್ ಓಣಿಯಲ್ಲಿ ಕೂರುತ್ತದೆ. ಎರಡೂ ಮನೆಗೆ ಅದು ಸಮ ದೂರ. ಮೀನು ಬಿಸಿ ಗಾಜಿಗೆ ಒರಗಿ ರೆಕ್ಕೆ ಸುಟ್ಟುಕೊಳ್ಳುವ ಭಯವೂ ಇಲ್ಲ. ಓಣಿಯಲ್ಲಿ ಒಂದಿಷ್ಟು ಪಾಚಿಗಿಡ ಹಾಕಿದರೆ ಮೀನುಗಳು ಒಂದನ್ನೊಂದು ನೋಡಿ ದಿನವಿಡೀ ರೆಕ್ಕೆ ಕೆದರಿ ಸುಸ್ತಾಗುವುದೂ ತಪ್ಪುತ್ತದೆ.

ಗೋಡೆಗೆ ಏನು ಬಳಸುವುದು? ಬಾಗಿಲ ತೋರಣವನ್ನು ಉಲ್ಲನ್ ದಾರದಲ್ಲಿ ಹೆಣೆಯುತ್ತಾರಲ್ಲ, ಆ ಚೌಕ ತೂತಿನ ಪ್ಲಾಸ್ಟಿಕ್ ನೆಟ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ದಾರ, ಟಿಕಳಿ, ಹೊಲಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ. ತೂತಿನಲ್ಲಿ ಬೆಂಕಿಕಡ್ಡಿ ಮಾತ್ರ ತೂರಬೇಕು, ಪೆನ್ಸಿಲ್ ತೂರಬಾರದು. ಬಿಳಿ ಅಥವಾ ಕಪ್ಪು ತೆಗೆದುಕೊಳ್ಳಿ. ರಾತ್ರಿಯೆಲ್ಲ ಬಿಸಿನೀರಲ್ಲಿ ನೆನೆಹಾಕಿ, ಬಣ್ಣ ಬಿಟ್ಟರೆ ಆ ನೆಟ್ ಬೇಡ. ಸಣ್ಣ ತೂತು ಕೊರೆದ ಅಕ್ರಿಲಿಕ್ ಹಾಳೆಯೂ ಆಗುತ್ತದೆ. ಆದರೆ ನಾಲ್ಕಾರು ತೂತು ಸಾಲದು, ಹಾಳೆಯ ತುಂಬ ಇರಬೇಕು.

ನೆಟ್ ನಿಲ್ಲಿಸಲು ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟಿಗೆ ಹಾಕುವ ಸ್ಟಿಕ್ ಫೈಲ್ ಸಾಕು. ಅದರ ಬದಿಯ ಪ್ಲಾಸ್ಟಿಕ್ ಕಡ್ಡಿಗೆ ಉದ್ದಕ್ಕೂ ಒಂದು ಸೀಳು ಇರುತ್ತದೆ. ಆ ಕಡ್ಡಿಯನ್ನು ಮುಂದಿನ ಗಾಜು, ಹಿಂದಿನ ಗಾಜು ಮತ್ತು ತಳಕ್ಕೆ ಸಿಲಿಕೋನ್‌ನಿಂದ ಅಂಟಿಸಿ. ನೆಟ್ ಅದರೊಳಗೆ ಮೇಲಿಂದ ಜಾರಿಸಿದರೆ ಬಿಗಿಯಾಗಿ ನಿಲ್ಲುತ್ತದೆ, ತೊಳೆಯಬೇಕೆಂದಾಗ ಎತ್ತಲೂಬಹುದು. ಮೇಲಿನ ಅಂಚಿಗೂ ಒಂದು ಕಡ್ಡಿ ಸಿಕ್ಕಿಸಿ, ಇಲ್ಲದಿದ್ದರೆ ನೆಟ್ ಬಾಗುತ್ತದೆ. ಸಿಲಿಕೋನ್ ತರುವಾಗ ಡಬ್ಬಿ ಮೇಲೆ ಬೂಷ್ಟು ನಿರೋಧಕ ಎಂದು ಬರೆದಿರುವ ಬಾತ್‌ರೂಮ್ ಸಿಲಿಕೋನ್ ಬೇಡವೇ ಬೇಡ, ಅದರಲ್ಲಿನ ಔಷಧಿ ಮೀನಿಗೆ ವಿಷ. ಅಕ್ವೇರಿಯಂಗೇ ಎಂದು ಕೇಳಿ ತನ್ನಿ. ಅಂಟಿಸಿದ ಮೇಲೆ ಎರಡು ದಿನ ಒಣಗಲಿ. ಹುಳಿ ವಾಸನೆ ಪೂರ್ತಿ ಹೋಗುವ ತನಕ ನೀರು ಹಾಕಬೇಡಿ.

ಗೋಡೆ ನೀರಿನಿಂದ ಕನಿಷ್ಠ 5 ಸೆಂಟಿಮೀಟರ್ ಮೇಲಿರಬೇಕು. ಫೈಟರ್ ಹಾರುತ್ತದೆ, ಚೆನ್ನಾಗಿಯೇ ಹಾರುತ್ತದೆ. ಮೇಲೊಂದು ಮುಚ್ಚಳವೂ ಬೇಕು. ಅದು ಮೀನು ಹಾರದಂತೆ ತಡೆಯುವುದರ ಜೊತೆಗೆ ನೀರಿನ ಮೇಲಿನ ಗಾಳಿಯನ್ನು ಬೆಚ್ಚಗಿಡುತ್ತದೆ. ಮೀನು ಉಸಿರಾಡುವುದು ಅದೇ ಗಾಳಿಯನ್ನು.

ತುಂಬಿದ ಟ್ಯಾಂಕ್ 50 ಕಿಲೋ ದಾಟುತ್ತದೆ. ಟಿವಿ ಸ್ಟ್ಯಾಂಡ್ ಮೇಲೆ ಸುಮ್ನೆ ಇಡಬೇಡಿ. ಗಟ್ಟಿ ಮೇಜು, ಅದರ ಮೇಲೆ ಥರ್ಮಾಕೋಲ್ ಹಾಳೆ, ಆಮೇಲೆ ಟ್ಯಾಂಕ್.

ಫಿಲ್ಟರ್: ಬಾಯಿ ಓಣಿಯ ಕಡೆಗೆ

ಈ ಮೀನಿಗೆ, ಏರ್ ಪಂಪಿನ ಗಾಳಿಯಿಂದ ನೀರನ್ನು ಸ್ಪಾಂಜಿನೊಳಗೆ ಎಳೆಯುವ ಸ್ಪಾಂಜ್ ಫಿಲ್ಟರ್‌ಗಿಂತ ಒಳ್ಳೆಯದಿಲ್ಲ. ಮೋಟಾರ್ ಇರುವ ಪವರ್ ಫಿಲ್ಟರ್ ನೀರನ್ನು ಜೋರಾಗಿ ತಳ್ಳುತ್ತದೆ. ಉದ್ದ ರೆಕ್ಕೆಯ ಫೈಟರ್ ಆ ಸೆಳೆತಕ್ಕೆ ಈಜಲಾರದೆ ಮೂಲೆ ಹಿಡಿಯುತ್ತದೆ. ಎರಡು ಸಣ್ಣ ಸ್ಪಾಂಜ್ ಫಿಲ್ಟರ್, ಎರಡು ಬಾಯಿ ಇರುವ ಒಂದು ಏರ್ ಪಂಪ್, ಪೈಪು, ಗಾಳಿ ಹೆಚ್ಚುಕಡಿಮೆ ಮಾಡುವ ಎರಡು ವಾಲ್ವ್, ನೀರು ಹಿಂದಕ್ಕೆ ಬಾರದಂತೆ ತಡೆಯುವ ಎರಡು ನಾನ್ ರಿಟರ್ನ್ ವಾಲ್ವ್ ತನ್ನಿ.

ಮನೆಗೊಂದು ಫಿಲ್ಟರ್ ಇಡಿ. ಎಲ್ಲಿ ಇಡುತ್ತೀರಿ ಎಂಬುದೇ ಮುಖ್ಯ. ನೆಟ್ಟಿಗೆ ಹತ್ತಿರ, ನೀರು ಹೊರಬರುವ ಬಾಗಿದ ಬಾಯಿ ನೆಟ್ಟಿನ ಕಡೆಗೆ ತಿರುಗಿರಬೇಕು. ಗಾಳಿಗುಳ್ಳೆ ಮೇಲೇರುವಾಗ ನೀರನ್ನೂ ಜೊತೆಗೆ ಎಳೆದು ತರುತ್ತದೆ. ಆ ನೀರು ನೆಟ್ ದಾಟಿ ಓಣಿಗೆ ಬೀಳುತ್ತದೆ, ಅಷ್ಟೇ ನೀರು ಓಣಿಯಿಂದ ಮನೆಗೆ ವಾಪಸ್ ಬರುತ್ತದೆ. ಬರುವ ನೀರು ಹೀಟರ್ ಸುತ್ತ ಬೆಚ್ಚಗಾದ ನೀರು. ಹೀಗೆ ಫಿಲ್ಟರೇ ಬಿಸಿಯನ್ನೂ ಹಂಚುತ್ತದೆ. ಸೆಳೆತವೂ ನೆಟ್ಟಿಗೆ ಬಡಿದು ಸಣ್ಣದಾಗುವುದರಿಂದ ಮೀನಿಗೆ ತೊಂದರೆ ಇಲ್ಲ.

ಪಂಪ್ ನೀರಿನ ಮಟ್ಟಕ್ಕಿಂತ ಮೇಲೆ ಇರಲಿ. ಆಗದಿದ್ದರೆ ನಾನ್ ರಿಟರ್ನ್ ವಾಲ್ವ್ ಇಲ್ಲದೆ ಚಾಲೂ ಮಾಡಲೇಬೇಡಿ. ಕರೆಂಟ್ ಹೋದ ಕ್ಷಣಕ್ಕೆ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ, ಅಲ್ಲಿಂದ ಪ್ಲಗ್ಗಿಗೆ. ವಾಲ್ವ್ ಸರಿಯಾದ ದಿಕ್ಕಿಗಿದೆಯೇ ಎಂದು ಬಾಯಿಂದ ಊದಿ ನೋಡಿ. ಟ್ಯಾಂಕಿನ ಕಡೆಗೆ ಗಾಳಿ ಹೋಗಬೇಕು, ಈಚೆಗೆ ಎಳೆದರೆ ಬರಬಾರದು.

ಹೀಟರ್

ಲೀಟರಿಗೆ ಒಂದು ವ್ಯಾಟ್ ಎಂಬುದು ರೂಢಿಯ ಲೆಕ್ಕ. ನಮ್ಮದು 43 ಲೀಟರ್, ಹಾಗಾಗಿ ಆರ್‌ಸಿಸಿ ಮನೆಗೆ 50 ವ್ಯಾಟ್ ಸಾಕು. ಗಾಳಿಯಾಡುವ ಹೆಂಚಿನ ಮನೆಯಾದರೆ 75. "ಇರಲಿ ಬಿಡಿ" ಎಂದು 200 ವ್ಯಾಟ್ ತರಬೇಡಿ. ನೀರು ಬಿಸಿಯಾದಾಗ ಅದನ್ನು ಆಫ್ ಮಾಡುವ ಥರ್ಮೋಸ್ಟಾಟ್ ಯಾವತ್ತಾದರೂ ಸಿಕ್ಕಿಕೊಂಡರೆ ನಿಮಗೆ ಗೊತ್ತಾಗುವಷ್ಟರಲ್ಲಿ ನೀರು ಕಾದುಹೋಗಿರುತ್ತದೆ. ಚಿಕ್ಕ ಹೀಟರ್ ಹಾಗೆ ಕೆಟ್ಟರೂ ಸ್ವಲ್ಪ ಸಮಯ ಕೊಡುತ್ತದೆ.

ಓಣಿಯ ಹಿಂದಿನ ಗಾಜಿಗೆ ಸಕ್ಷನ್ ಕಪ್‌ನಿಂದ ನಿಲ್ಲಿಸಿ. ತುದಿ ಮರಳಿಗೆ ತಾಗಬಾರದು, ಮೇಲೆ ಬರೆದಿರುವ ನೀರಿನ ಗೆರೆ ಮುಳುಗಿರಬೇಕು. ಉದ್ದ ಜಾಸ್ತಿ ಇದ್ದರೆ ಓರೆಯಾಗಿ ಕೂರಿಸಿ. ನೀರೊಳಗೆ ಇಟ್ಟು ಅರ್ಧ ತಾಸು ಬಿಟ್ಟು ಸ್ವಿಚ್ ಹಾಕಿ. ತೆಗೆಯುವಾಗ ಇದೇ ತಿರುಗುಮುರುಗು: ಮೊದಲು ಸ್ವಿಚ್ ಆಫ್, ಅರ್ಧ ತಾಸು ಕಾಯುವುದು, ಆಮೇಲೆ ನೀರಿಗೆ ಕೈ. ಬಿಸಿ ಗಾಜು ಗಾಳಿಗೆ ಬಂದರೆ ಸೀಳುತ್ತದೆ. ವೈರು ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರಲಿ. ಆಗ ವೈರಿನ ಮೇಲೆ ಜಾರಿದ ನೀರಹನಿ ಕೆಳಗೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಥರ್ಮಾಮೀಟರ್ ಎರಡು ಬೇಕು, ಮನೆಗೊಂದು. ಹೀಟರ್ ಮೇಲಿನ ನಂಬರನ್ನು ನಂಬಿ ಕೂರಬೇಡಿ. 26ಕ್ಕೆ ಇಟ್ಟು ಒಂದು ದಿನ ಬಿಡಿ. ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕಡೆ ನೋಡಿ. ಒಂದು ಡಿಗ್ರಿಯೊಳಗಿನ ವ್ಯತ್ಯಾಸ ನಡೆಯುತ್ತದೆ. ಜಾಸ್ತಿ ಇದ್ದರೆ ತಣ್ಣಗಿರುವ ಕಡೆಯ ಫಿಲ್ಟರ್‌ಗೆ ಗಾಳಿ ಸ್ವಲ್ಪ ಹೆಚ್ಚಿಸಿ, ನೆಟ್ಟಿನ ತೂತು ಕಟ್ಟಿದೆಯೇ ನೋಡಿ.

ನೀರು ಓಡಾಡುವುದನ್ನು ಕಣ್ಣಾರೆ ನೋಡಲು ಒಂದು ಉಪಾಯವಿದೆ. ರಸ್ತೆ ಬದಿಯ ದೊಡ್ಡ ಎಲೆಯ ಬಾದಾಮಿ ಮರದಿಂದ ಉದುರಿದ ಒಣ ಎಲೆಗಳನ್ನು ತೊಳೆದು ಎರಡು ದಿನ ನೆನೆಹಾಕಿ. ಗಾಢ ಕಂದು ನೀರು ಬರುತ್ತದೆ. ಫೈಟರ್‌ಗೆ ಇದು ಒಗ್ಗುವ ನೀರು, ಸಾಕುವವರು ಬೇಕೆಂದೇ ಹಾಕುತ್ತಾರೆ. ಒಂದು ಲೋಟದಷ್ಟನ್ನು ಎಡಗಡೆ ಮೂಲೆಗೆ ಮೆಲ್ಲಗೆ ಸುರಿದು, ಹಿಂದೆ ಬಿಳಿ ಹಾಳೆ ಹಿಡಿಯಿರಿ. ಕಂದು ಎಳೆ ಮೊದಲು ಸ್ಪಾಂಜಿನ ಕಡೆ ವಾಲುತ್ತದೆ. ಆಮೇಲೆ ಬಾಯಿಂದ ಚಿಮ್ಮಿ ನೆಟ್ಟಿನ ಚೌಕಗಳಲ್ಲಿ ಸಣ್ಣ ಸಣ್ಣ ಎಳೆಯಾಗಿ ಸೀಳಿ ಓಣಿಗಿಳಿಯುತ್ತದೆ. ಬಲಗಡೆಗೂ ಬಣ್ಣ ಬಂತೆಂದರೆ ನಿಮ್ಮ ಟ್ಯಾಂಕ್ ಸರಿಯಿದೆ. ಎಡಗಡೆಯೇ ನಿಂತರೆ ಫಿಲ್ಟರ್ ಬಾಯಿ ತಿರುಗಿಸಿ ಮತ್ತೆ ನೋಡಿ.

ಮೀನು ಬಿಡಲು ಅವಸರ ಬೇಡ

ಸ್ಪಾಂಜ್ ಬರೀ ಕಸ ಹಿಡಿಯುವ ಜರಡಿ ಅಲ್ಲ. ಅದರೊಳಗೆ ಬೆಳೆಯುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಮೀನಿಗೆ ವಿಷ, ಕೊನೆಯದು ಕಡಿಮೆ ಇದ್ದರೆ ಪರವಾಗಿಲ್ಲ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಚಳಿಯಲ್ಲಿ ಇನ್ನೂ ನಿಧಾನ. ಹಾಗಾಗಿ ಮೀನು ಇಲ್ಲದಿದ್ದರೂ ಹೀಟರ್ ಮೊದಲ ದಿನದಿಂದಲೇ ಓಡಲಿ. ದಿನಾ ಚಿಟಿಕೆ ಮೀನಿನ ಊಟ ಎರಡೂ ಮನೆಗೆ ಹಾಕಿ, ಅದು ಕೊಳೆತು ಅಮೋನಿಯಾ ಕೊಡುತ್ತದೆ. ಗೆಳೆಯರ ಮನೆಯಲ್ಲಿ ರೋಗವಿಲ್ಲದ ಹಳೇ ಟ್ಯಾಂಕ್ ಇದ್ದರೆ ಅದರ ಸ್ಪಾಂಜನ್ನು ನಿಮ್ಮ ಟ್ಯಾಂಕಿನಲ್ಲಿ ಹಿಂಡಿ, ಕೆಲಸ ಬೇಗ ಆಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು, ನೈಟ್ರೇಟ್ ಕಾಣಿಸಿಕೊಂಡ ಮೇಲೆ ಮೀನು ತನ್ನಿ.

ನೀರಿನ ವಿಷಯ. ಮಲಪ್ರಭೆಯ ನಳದ ನೀರು ಬಂದ ದಿನ ಕ್ಲೋರಿನ್ ವಾಸನೆ ಮೂಗಿಗೆ ಬಡಿಯುವುದುಂಟು. ಅದು ಮೀನಿಗೂ ಕೆಟ್ಟದ್ದು, ಸ್ಪಾಂಜಿನ ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು. ತೆರೆದ ಬಕೆಟ್‌ನಲ್ಲಿ ಒಂದು ದಿನ ಇಡಿ, ಇಲ್ಲವೇ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಗದಗ ಕಡೆಯ ಗಡಸು ಬೋರ್ ನೀರಾದರೆ ಹೀಟರ್ ಗಾಜಿನ ಮೇಲೆ ಬಿಳಿ ಪರೆ ಕಟ್ಟುತ್ತದೆ. ಆರಿಸಿ, ತಣಿಸಿ, ಲಿಂಬೆಹುಳಿಯಿಂದ ಉಜ್ಜಿ ತೊಳೆಯಿರಿ.

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಎರಡೂ ಮನೆಯಿಂದ ಸಮನಾಗಿ ತೆಗೆದು, ಅಷ್ಟೇ ಬೆಚ್ಚಗಿನ ನೀರು ಹಾಕಿ. ತೆಗೆದ ಹಳೇ ನೀರಲ್ಲೇ ಸ್ಪಾಂಜ್ ಹಿಂಡಿ ತೊಳೆಯಿರಿ. ನಳದ ಕೆಳಗೆ ಹಿಡಿದರೆ ಬೆಳೆಸಿದ ಬ್ಯಾಕ್ಟೀರಿಯಾ ಎಲ್ಲ ಹೋಯಿತು. ಎರಡೂ ಸ್ಪಾಂಜ್ ಒಂದೇ ದಿನ ತೊಳೆಯಬೇಡಿ. ಈ ವಾರ ಎಡಗಡೆಯದು, ಎರಡು ವಾರ ಬಿಟ್ಟು ಬಲಗಡೆಯದು.

ಕರೆಂಟ್ ಹೋದರೆ ಮೊದಲು ಉಳಿಸಬೇಕಾದದ್ದು ಏರ್ ಪಂಪ್. ಅದು ತಿನ್ನುವುದು ನಾಲ್ಕೈದು ವ್ಯಾಟ್ ಅಷ್ಟೇ, ಮನೆಯ ಇನ್ವರ್ಟರ್ ಲೈನಿಗೆ ಕೊಡಿ. ಇನ್ವರ್ಟರ್ ಇಲ್ಲದವರು ಬ್ಯಾಟರಿ ಪಂಪ್ ಒಂದನ್ನು ಇಟ್ಟುಕೊಳ್ಳಿ. ಚಳಿಗಾಲದ ರಾತ್ರಿ ಹೀಟರ್ ನಿಂತರೆ ಪ್ಲಗ್ ಕಿತ್ತು, ಹಳೇ ಕೌದಿಯೊಂದನ್ನು ಟ್ಯಾಂಕಿನ ನಾಲ್ಕೂ ಬದಿಗೆ ಸುತ್ತಿ. 43 ಲೀಟರ್ ನೀರು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಮುಚ್ಚಳದ ಮೇಲೆ ಮಾತ್ರ ಹೊದಿಸಬೇಡಿ, ಗಾಳಿ ಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಹೀಟರ್ ಹೊತ್ತಿಕೊಳ್ಳುವುದೇ ಅಪರೂಪ. ಆಗ ನೀರು 30 ದಾಟಿದರೆ ಮುಚ್ಚಳದ ಬದಲು ನೆಟ್ ಹಾಕಿ ಫ್ಯಾನ್ ಗಾಳಿ ಬೀಳುವಂತೆ ಮಾಡಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆರಿದಷ್ಟು ನೀರು ಸೇರಿಸುತ್ತಿರಿ, ಇಲ್ಲದಿದ್ದರೆ ಹೀಟರ್ ಗೆರೆ ಮೇಲೆ ಬರುತ್ತದೆ.

ಇನ್ನೊಂದು ಮಾತು, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಗೋಡೆ ಎಷ್ಟಿದ್ದರೂ ನೀರು ಒಂದೇ. ಎಡಗಡೆಯ ಮೀನಿಗೆ ಬಂದ ರೋಗ ಬಲಗಡೆಗೂ ಹೋಗುತ್ತದೆ. ಹೊಸ ಮೀನನ್ನು ಎರಡು ಮೂರು ವಾರ ಬೇರೆ ಡಬ್ಬಿಯಲ್ಲಿಟ್ಟು ನೋಡಿ, ಆಮೇಲೆ ಒಳಗೆ ಬಿಡಿ. ಒಂದು ಮೀನು ಹುಷಾರಿಲ್ಲದಂತೆ ಕಂಡರೆ ಅದನ್ನು ಹೊರಗೆ ತೆಗೆದು ಬೆಚ್ಚಗಿನ ಬೇರೆ ನೀರಿನಲ್ಲಿ ಔಷಧಿ ಮಾಡಿ. ಟ್ಯಾಂಕಿಗೇ ಔಷಧಿ ಸುರಿದರೆ ಆರೋಗ್ಯವಾಗಿರುವ ಮೀನಿಗೂ ಸೇರುತ್ತದೆ, ಎಷ್ಟೋ ಔಷಧಿಗಳು ಸ್ಪಾಂಜಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ. ಹುಷಾರಿಲ್ಲದ ಮೀನಿನ ಡಬ್ಬಿಯ ಜಾಲರಿ, ಪೈಪು ಮುಟ್ಟಿದ ಕೈಯನ್ನು ತೊಳೆದೇ ಟ್ಯಾಂಕಿಗೆ ಹಾಕಿ.