ನಿಮ್ಮ ಹೆಬ್ಬೆಟ್ಟು ಕೇಳಿದವರು ಯಾರು? ಆಧಾರ್ ದಾಖಲೆ ನೀವೇ ತೆಗೆದು ನೋಡಿ

ನ್ಯಾಯಬೆಲೆ ಅಂಗಡಿಯಲ್ಲಿ ‘ತಂಬ್ ಕೊಡಿ’ ಅನ್ನುತ್ತಾರೆ, ಕೊಡುತ್ತೇವೆ. ಸಿಮ್ ಕೊಳ್ಳುವಾಗಲೂ, ಬ್ಯಾಂಕಿನಲ್ಲೂ ಅದೇ ಮಾತು. ಹಾಗೆ ಬೆರಳೊತ್ತಿದಾಗಲೆಲ್ಲ, ಆಧಾರ್ ನಡೆಸುವ ಸರ್ಕಾರಿ ಪ್ರಾಧಿಕಾರ ಯುಐಡಿಎಐನ ಸರ್ವರ್‌ನಲ್ಲಿ ಒಂದು ಸಾಲು ದಾಖಲಾಗುತ್ತದೆ: ಯಾವ ದಿನ, ಎಷ್ಟು ಗಂಟೆಗೆ, ಕೇಳಿದ ಸಂಸ್ಥೆ ಯಾವುದು, ಬೆರಳೋ ಒಟಿಪಿಯೋ, ತಾಳೆಯಾಯಿತೋ ಇಲ್ಲವೋ. ಯಾತಕ್ಕೆ ಕೇಳಿದರು ಎಂಬುದು ಅದರಲ್ಲಿ ಇರುವುದಿಲ್ಲ, ನಿಜ. ಆದರೆ ದಿನ, ಗಂಟೆ, ಸಂಸ್ಥೆ ಇಷ್ಟನ್ನು ಸಾಲಾಗಿ ಜೋಡಿಸಿದರೂ ಸಾಕು, ಒಬ್ಬರ ಬದುಕಿನ ಜಾಡು ಕಾಣತೊಡಗುತ್ತದೆ. ಸರ್ಕಾರದ ಬಳಿ ಇರುವ ಈ ಜಾಡನ್ನು ನೋಡುವ ಅವಕಾಶ ನಮಗೂ ಇದೆ.

ಮೊದಲು ಮೈಆಧಾರ್ ಪೋರ್ಟಲ್ ತೆರೆಯಿರಿ. ವಿಳಾಸ ಯುಐಡಿಎಐನದೇ ಎಂದು ಎರಡು ಸಲ ನೋಡಿಕೊಳ್ಳಿ, ನಕಲಿ ತಾಣಗಳೂ ಇವೆ. ಆಧಾರ್ ಸಂಖ್ಯೆ ಹಾಕಿದರೆ ನೋಂದಾಯಿತ ಮೊಬೈಲಿಗೆ ಒಟಿಪಿ ಬರುತ್ತದೆ. ಒಳಗೆ ಹೋಗಿ ‘ಅಥೆಂಟಿಕೇಶನ್ ಹಿಸ್ಟರಿ’ ಒತ್ತಿ, ವಿಧದಲ್ಲಿ ‘ಆಲ್’ ಆರಿಸಿ, ದಿನಾಂಕಗಳನ್ನು ಕೊಡಿ. ಒಂದು ಸಲಕ್ಕೆ 50 ದಾಖಲೆಗಳವರೆಗೆ ಸಿಗುತ್ತವೆ. ಅವಸರ ಮಾಡದೆ ಒಂದೊಂದೇ ಸಾಲು ಓದಿ. ನನ್ನ ತಾಯಿಯ ಪಟ್ಟಿ ತೆಗೆದಾಗ, ಅವರು ಮನೆಯಿಂದ ಹೊರಗೇ ಹೋಗದ ದಿನ ಬೆರಳಚ್ಚಿನ ಒಂದು ವಿಫಲ ಪ್ರಯತ್ನ ದಾಖಲಾಗಿತ್ತು. ಅಂಥ ಸಾಲು ಕಂಡರೆ ದಿನ, ಗಂಟೆ, ಸಂಸ್ಥೆಯ ಹೆಸರು ಬರೆದುಕೊಂಡು, ಸ್ಕ್ರೀನ್‌ಶಾಟ್ ತೆಗೆದಿಟ್ಟು, 1947ಕ್ಕೆ ಕರೆ ಮಾಡಿ ದೂರು ಕೊಡಿ.

ಪಟ್ಟಿಯಲ್ಲಿ ಕಾಣುವುದು ಆರು ತಿಂಗಳಿನದು ಮಾತ್ರ. ಈ ಆರು ತಿಂಗಳ ಮಿತಿಯ ಹಿಂದೆ ನಮ್ಮವರೊಬ್ಬರ ಹಟ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ‘ಹೌದು, ಅದು ಮೂಲಭೂತ ಹಕ್ಕು’ ಎಂದರು. ಮರುವರ್ಷದ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಎತ್ತಿಹಿಡಿದರೂ, ದೃಢೀಕರಣದ ದಾಖಲೆಗಳನ್ನು ಐದು ವರ್ಷ ಕೂಡಿಡುವ ನಿಯಮವನ್ನು ರದ್ದು ಮಾಡಿ, ಆರು ತಿಂಗಳು ಮೀರಬಾರದು ಎಂದಿತು. ಆ ಹಿರಿಯರನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಮುಂದಿನದು ಬೀಗ. ಅದೇ ಪೋರ್ಟಲ್‌ನಲ್ಲಿ ‘ಲಾಕ್ ಬಯೋಮೆಟ್ರಿಕ್ಸ್’ ಇದೆ. ಒತ್ತಿದರೆ ಬೆರಳು, ಕಣ್ಣಿನ ಪಾಪೆ, ಮುಖ ಯಾವುದರಿಂದಲೂ ದೃಢೀಕರಣ ನಡೆಯುವುದಿಲ್ಲ. ಒಟಿಪಿ ನಡೆಯುತ್ತದೆ. ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚು ನಕಲು ಮಾಡಿ ಬ್ಯಾಂಕ್ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲೇ ವರದಿಯಾದವು. ಆದರೆ ಮನೆಯ ಹಿರಿಯರು ಬೆರಳೊತ್ತಿಯೇ ಪಡಿತರ ತರುತ್ತಾರಾದರೆ, ಅಂಗಡಿಗೆ ಹೋಗುವ ಮೊದಲು ಬೀಗ ತೆಗೆದುಕೊಡಿ. ನಿಮ್ಮ ಎಚ್ಚರಿಕೆಯಿಂದ ಅವರ ಅಕ್ಕಿ ತಪ್ಪಬಾರದು.

ಜೆರಾಕ್ಸ್ ಕೊಡಬೇಕಾದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಡೌನ್‌ಲೋಡ್ ಮಾಡುವಾಗ ಆ ಆಯ್ಕೆಗೆ ಟಿಕ್ ಹಾಕಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಸಂಖ್ಯೆಯನ್ನೇ ಹೇಳಬೇಕಾದರೆ, ಆಧಾರ್ ಸಂಖ್ಯೆಯ ಬದಲಿಗೆ ಕೊಡಲು 16 ಅಂಕಿಯ ವರ್ಚುವಲ್ ಐಡಿ ಇದೆ. ಹೊಸದು ಪಡೆದ ಕೂಡಲೇ ಹಳೆಯದು ಸಾಯುತ್ತದೆ. ವಿಮಾನ ನಿಲ್ದಾಣದಲ್ಲಿ, ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ವ್ಯವಸ್ಥೆಗೆ ಮುಖ ತೋರಿಸಲೇಬೇಕೆಂದಿಲ್ಲ. ಗುರುತಿನ ಚೀಟಿ, ಬೋರ್ಡಿಂಗ್ ಪಾಸ್ ಹಿಡಿದು ಮಾಮೂಲಿ ಸಾಲಿನಲ್ಲಿ ಹೋಗಬಹುದು.

ಈ ಬೀಗಗಳು ತಡೆಯದ ಬಾಗಿಲೊಂದಿದೆ, ಅದನ್ನೂ ಹೇಳಿಬಿಡಬೇಕು. ಆಧಾರ್ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ, ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು ಕಾರ್ಯದರ್ಶಿ ದರ್ಜೆಯ ಅಧಿಕಾರಿ ನಿರ್ದೇಶಿಸಿದರೆ ದೃಢೀಕರಣದ ದಾಖಲೆಯನ್ನು ಬಹಿರಂಗಪಡಿಸಬಹುದು. ನ್ಯಾಯಾಲಯದ ಆದೇಶದಿಂದ ಕೇಳಿದರೆ ನಿಮ್ಮ ಅಹವಾಲನ್ನೂ ಆಲಿಸಬೇಕು. ಭದ್ರತೆಯ ಕಾರಣ ಕೊಟ್ಟಾಗ ಅದು ಬೇಕಿಲ್ಲ. ನನ್ನ ಕಳವಳ ಇರುವುದೇ ಇಲ್ಲಿ.

ಆರು ತಿಂಗಳು ಕಳೆದರೆ ಹಳೆಯ ಸಾಲುಗಳು ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಯುಗಾದಿ, ಗೌರಿ ಹಬ್ಬ, ಸಂಕ್ರಾಂತಿ ಹೀಗೆ ವರ್ಷಕ್ಕೆ ಮೂರು ಸಲ ಎಲ್ಲರ ಪಟ್ಟಿಯನ್ನೂ ತೆಗೆದು ಪ್ರಿಂಟ್ ಮಾಡಿ ಫೈಲಿನಲ್ಲಿಡುತ್ತೇವೆ.