ಶಾಲೆಯ ಕಂಪ್ಯೂಟರಿನಲ್ಲಿ ಆಡಿದ ಆಟಗಳನ್ನು ಮತ್ತೆ ಆಡುವ ಬಗೆ

ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಆಡಿದ ಕಲಿಕೆಯ ಆಟವೊಂದನ್ನು ಮತ್ತೆ ಆಡಬೇಕೆನ್ನಿಸಿದರೆ, ಮೊದಲು ಅದರ ಹೆಸರು ಗೊತ್ತಾಗಬೇಕು. ಹೆಸರು ಮರೆತಿದ್ದರೆ ಆಟದಲ್ಲಿ ಏನು ಮಾಡುತ್ತಿದ್ದಿರಿ ಎಂಬುದನ್ನೇ ಬರೆದು ಹುಡುಕಿ: ಎತ್ತಿನ ಬಂಡಿಯಲ್ಲಿ ನದಿ ದಾಟುತ್ತಿದ್ದರೆ ಅದು 'ಆರೆಗಾನ್ ಟ್ರೇಲ್', ಸುಳಿವು ಹಿಡಿದು ಕಳ್ಳರ ಬೆನ್ನಟ್ಟಿ ದೇಶದೇಶ ಸುತ್ತುತ್ತಿದ್ದರೆ ಬಹುಶಃ 1985ರಲ್ಲಿ ಆರಂಭವಾದ 'ಕಾರ್ಮೆನ್ ಸ್ಯಾಂಡಿಯೆಗೊ' ಸರಣಿಯದು.

ಸುಲಭದ ದಾರಿ ಇಂಟರ್ನೆಟ್ ಆರ್ಕೈವ್ ಎಂಬ ಸಂಗ್ರಹ ಜಾಲತಾಣ. ಅಲ್ಲಿ ಡಾಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಕಾಲದ ಸಾವಿರಾರು ಆಟಗಳನ್ನು ಏನನ್ನೂ ಅಳವಡಿಸಿಕೊಳ್ಳದೆ ಬ್ರೌಸರಿನಲ್ಲೇ ಆಡಬಹುದು.

ಹಳೆಯ ಫ್ಲಾಪಿ ಅಥವಾ ಸಿಡಿ ನಿಮ್ಮ ಬಳಿಯೇ ಇದ್ದರೆ, ಅದರ ಕಡತಗಳನ್ನು ಒಂದು ಫೋಲ್ಡರಿಗೆ ನಕಲು ಮಾಡಿ, 'ಡಾಸ್‌ಬಾಕ್ಸ್' ಎಂಬ ಉಚಿತ ತಂತ್ರಾಂಶದಲ್ಲಿ ಮೌಂಟ್ ಆದೇಶದ ಮೂಲಕ ಆ ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸಿ, 'C:' ಎಂದು ಟೈಪ್ ಮಾಡಿ ಆ ಡ್ರೈವ್‌ಗೆ ಹೋಗಿ, ಆಟದ ಕಡತದ ಹೆಸರನ್ನು ಟೈಪ್ ಮಾಡಬೇಕು. ಇಷ್ಟಕ್ಕೆ ಆಟ ತೆರೆದುಕೊಳ್ಳುತ್ತದೆ, ಆದರೆ ಅದು ನಿಮಗೆ ನೆನಪಿರುವ ಆಟದಂತೆ ಇರಲಾರದು. ಅಂದಿನ ಹಲವು ಆಟಗಳ ಓಟ ಪ್ರೊಸೆಸರಿನ ವೇಗವನ್ನೇ ನೆಚ್ಚಿಕೊಂಡಿತ್ತಾದ್ದರಿಂದ, ವೇಗ ಹೆಚ್ಚಾದರೆ ಪರದೆಯ ಮೇಲಿಂದ ಬೀಳುವ ಅಕ್ಷರವನ್ನು ಕಣ್ಣು ಗುರುತಿಸುವ ಮೊದಲೇ ಅದು ನೆಲ ಸೇರಿರುತ್ತದೆ. ಕಂಟ್ರೋಲ್ ಜೊತೆ ಎಫ್11 ಒತ್ತಿ ವೇಗವನ್ನು ತಗ್ಗಿಸಿ. ತೀರಾ ಎಳೆದಾಡಿದರೆ ಕಂಟ್ರೋಲ್ ಜೊತೆ ಎಫ್12 ಒತ್ತಿ ಏರಿಸಿ. ಈ ಹೊಂದಾಣಿಕೆಗೆ ಸಾಕಷ್ಟು ಸಮಯ ಕೊಡುವುದು ಒಳ್ಳೆಯದು, ಏಕೆಂದರೆ ಚಿತ್ರ, ಸದ್ದುಗಳಿಗಿಂತ ಆ ನಿಧಾನಗತಿಯೇ ಹಳೆಯ ಆಟವನ್ನು ಹಳೆಯದಾಗಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ವೃತ್ತಗಳು ಚಪ್ಪಟೆಯಾಗಿ ಕಂಡರೆ ಸಂರಚನಾ ಕಡತದಲ್ಲಿ ಆಸ್ಪೆಕ್ಟ್ ಆಯ್ಕೆಯನ್ನು ಟ್ರೂ ಎಂದು ಬದಲಿಸಿ.

ನಿಮ್ಮ ನೆನಪಿನಲ್ಲಿರುವುದು ಆದೇಶ ಕೊಟ್ಟಂತೆ ಪರದೆಯ ಮೇಲೆ ಗೆರೆ ಎಳೆಯುತ್ತಾ ನಡೆಯುವ 'ಲೋಗೋ'ದ ಆಮೆಯಾದರೆ ಇಷ್ಟೆಲ್ಲ ಶ್ರಮ ಬೇಕಿಲ್ಲ. 1967ರಲ್ಲಿ ಮಕ್ಕಳಿಗಾಗಿ ರೂಪುಗೊಂಡ ಆ ಪ್ರೋಗ್ರಾಮಿಂಗ್ ಭಾಷೆಯ ಆಮೆ, ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯನ್ನು ಅಳವಡಿಸಿಕೊಂಡರೆ ಸಾಮಾನ್ಯವಾಗಿ ಅದರ ಜೊತೆಗೇ ಬರುತ್ತದೆ. 100 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ ಎಂದು 4 ಬಾರಿ ಹೇಳಿದರೆ ಚೌಕ. ಪ್ರತಿ ಚೌಕದ ನಂತರ 10 ಡಿಗ್ರಿ ತಿರುಗಿಸಿ 36 ಬಾರಿ ಮಾಡಿದರೆ, ಹಿಂದೆ ನೋಟ್‌ಬುಕ್ಕಿನ ಕೊನೆಯ ಪುಟಕ್ಕೂ ಇಳಿಯುತ್ತಿದ್ದ ಅದೇ ಹೂವು. ಇಲ್ಲಿಯೂ ವೇಗವನ್ನು ಗಮನಿಸಿ: ಅತಿ ನಿಧಾನಕ್ಕೆ 1 ಎಂದು ಕೊಡಬೇಕೇ ಹೊರತು 0 ಎಂದಲ್ಲ, 0 ಕೊಟ್ಟರೆ ಆಮೆಯ ನಡಿಗೆಯೇ ಕಾಣದಂತೆ ಗೆರೆಗಳು ಥಟ್ಟನೆ ಮೂಡಿಬಿಡುತ್ತವೆ.